ಪಾವಣೆ ಎರಡು

ಗಾಳಿಯ ಬಗ್ಗೆ ನಾನು ಕಲಿತದ್ದೆಲ್ಲ ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ. ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ಎರಂಡವಣೆಯಲ್ಲಿ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ನಮ್ಮ ಕಂಪನಿಯ ಮಷೀನ್ ರೂಮ್ ಇತ್ತು. ಎರಡು ದೊಡ್ಡ ಕಂಪ್ಯೂಟರುಗಳು, ಅವು ಬಿಸಿಯಾಗಬಾರದೆಂದು ಸದಾ ಗುಂಯ್‌ಗುಡುವ ಏಸಿ, ಮತ್ತೆ ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೂತ ನಾನು. ಮಷೀನುಗಳಿಗೆ ಧೂಳು ಆಗಿಬರುವುದಿಲ್ಲ ಎಂದು ಹೊರಗಿನ ಗಾಳಿ ಒಂದಿಷ್ಟೂ ನುಸುಳದಂತೆ ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಹೊಡೆದಿದ್ದರು. ಆ ಬಾಗಿಲಿನ ಒಳಗಿನ ಹಿಡಿಕೆ ಸಡಿಲವಾಗಿತ್ತು. ಎಳೆದರೆ ಕೈಗೇ ಕಿತ್ತು ಬರುತ್ತಿತ್ತು. ಒಳಗೆ ಹೋಗುವವರು ಬಾಗಿಲ ಸಂದಿಗೆ ರಟ್ಟಿನ ತುಂಡೊಂದನ್ನು ಸಿಕ್ಕಿಸಿ ಹೋಗಬೇಕಿತ್ತು. ಮರೆತರೆ, ಹೊರಗಿನಿಂದ ಯಾರಾದರೂ ಬಂದು ತೆಗೆಯುವವರೆಗೆ ಅಲ್ಲೇ ಗತಿ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಎರಡು ಸಲ ಮರೆತಿದ್ದೆ.

ಹಿಡಿಕೆ ಸರಿ ಮಾಡಿಸಿ ಎಂದು ಹೇಳಿದ್ದಕ್ಕೆ ಸರ್ ನಕ್ಕು, ಒಳಗಿದ್ದರೆ ಕೆಲಸ ಜಾಸ್ತಿ ಆಗುತ್ತದೆ ಎಂದಿದ್ದರು. ಸರ್ ಅಂದರೆ ಆ ಕಂಪನಿಯ ಒಡೆಯರು. ಬೆಳಗಾವಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಗಿತ್ತು. ನಾನು ತುಮಕೂರಿನವಳು. ಕನ್ನಡದ ಹುಡುಗಿ ಎಂದೇ ನನ್ನನ್ನು ತೆಗೆದುಕೊಂಡದ್ದಾಗಿ ಸಂದರ್ಶನದ ದಿನ ಹೇಳಿದ್ದರು, ನನಗೂ ಹಿತವಾಗಿತ್ತು. ಆಮೇಲೆ ಗೊತ್ತಾಯಿತು, ಎಲ್ಲರ ಮುಂದೆ ಅವರದು ಮರಾಠಿ, ಗಿರಾಕಿಗಳ ಮುಂದೆ ಇಂಗ್ಲಿಷು, ಕನ್ನಡ ಮಾತ್ರ ಬಾಗಿಲು ಮುಚ್ಚಿಕೊಂಡು ಬೈಯುವುದಕ್ಕೆ. ಸೇರುವಾಗ ಎರಡು ವರ್ಷದ ಬಾಂಡ್ ಬರೆಸಿಕೊಂಡು, ನನ್ನ ಎಸ್ಸೆಸ್ಸೆಲ್ಸಿಯಿಂದ ಎಂ.ಟೆಕ್‌ವರೆಗಿನ ಅಂಕಪಟ್ಟಿಗಳ ಅಸಲು ಪ್ರತಿಗಳನ್ನು ಒಂದು ಕಂದು ಲಕೋಟೆಗೆ ಹಾಕಿಸಿ, ತಮ್ಮ ಉಕ್ಕಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಆಗೆಲ್ಲ ಹಾಗೇ. ನಾನೊಬ್ಬಳೇ ಅಲ್ಲ, ನಮ್ಮ ಬ್ಯಾಚಿನಲ್ಲಿ ಅರ್ಧ ಜನರ ಹಣೆಬರಹ ಯಾವುದೋ ಬೀರುವಿನಲ್ಲಿತ್ತು.

ಕೆಲಸ ಮಾತ್ರ ನನಗೆ ಇಷ್ಟವಾಗಿತ್ತು, ಅದನ್ನು ಸುಳ್ಳು ಹೇಳಬಾರದು. ಪಶ್ಚಿಮ ಕರಾವಳಿಯಲ್ಲಿ ಒಂದು ಅಳಿವೆಯ ಮೇಲೆ ಕೇಬಲ್‌ಗಳಿಂದ ತೂಗುವ ಉದ್ದನೆಯ ಸೇತುವೆ ಕಟ್ಟುವವರಿದ್ದರು. ಅಷ್ಟು ಉದ್ದದ ಸೇತುವೆಗೆ ಲಾರಿಗಳ ಭಾರಕ್ಕಿಂತ ಗಾಳಿಯ ಭಯ ಹೆಚ್ಚು. ಗಾಳಿ ಸುಮ್ಮನೆ ತಳ್ಳುವುದಿಲ್ಲ. ಸೇತುವೆಯ ಮೇಲೂ ಕೆಳಗೂ ಸುಳಿಸುಳಿಯಾಗಿ ಹರಿಯುತ್ತ ಅದನ್ನು ಸ್ವಲ್ಪ ತಿರುಚುತ್ತದೆ. ತಿರುಚಿದ ಸೇತುವೆ ಗಾಳಿಯ ದಾರಿಯನ್ನು ಬದಲಿಸುತ್ತದೆ, ಬದಲಾದ ಗಾಳಿ ಅದನ್ನು ಇನ್ನಷ್ಟು ತಿರುಚುತ್ತದೆ. ಒಂದು ವೇಗದವರೆಗೆ ಈ ತೂಗಾಟ ತಾನಾಗಿ ತಣ್ಣಗಾಗುತ್ತದೆ. ಆ ವೇಗ ದಾಟಿತೋ, ಪ್ರತಿ ತೂಗಿಗೂ ಬೆಳೆಯುತ್ತ ಹೋಗಿ ಸೇತುವೆ ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಆ ವೇಗ ಎಷ್ಟು ಎಂದು ಕಟ್ಟುವ ಮೊದಲೇ ಹೇಳುವುದು ನನ್ನ ಕೆಲಸ.

ಅದಕ್ಕೆ ಸೇತುವೆಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರವನ್ನು ಕಂಪ್ಯೂಟರಿನಲ್ಲಿ ಬರೆದು, ಅದರ ಸುತ್ತಲಿನ ಗಾಳಿಯನ್ನು ಸಾವಿರಾರು ಪುಟ್ಟ ಚೌಕಗಳ ಬಲೆಯಾಗಿ ಹೆಣೆಯಬೇಕು. ಪ್ರತಿ ಚೌಕದಲ್ಲೂ ಕ್ಷಣಕ್ಷಣಕ್ಕೆ ಗಾಳಿಯ ವೇಗ, ಒತ್ತಡ ಎಷ್ಟೆಂದು ಮಷೀನು ಲೆಕ್ಕ ಹಾಕುತ್ತದೆ. ಒಂದು ಗಾಳಿವೇಗದ ಲೆಕ್ಕ ಮುಗಿಯಲು ಸುಮಾರು ಆರು ದಿನ. ಪುಣೆಯಲ್ಲಿ ಗುರುವಾರ ಕರೆಂಟು ತೆಗೆಯುವ ದಿನವಾದ್ದರಿಂದ ಗುರುವಾರ ಸಂಜೆ ಹಚ್ಚಿದರೆ ಮುಂದಿನ ಬುಧವಾರ ರಾತ್ರಿಯೊಳಗೆ ಮುಗಿಯಬೇಕು. ಒಂದು ವಾರಕ್ಕೆ ಒಂದು ಗಾಳಿ. ನಮ್ಮಜ್ಜಿ ವಾರಕ್ಕೊಂದು ದೇವರು ಇಟ್ಟುಕೊಂಡಿದ್ದರಲ್ಲ, ನನ್ನದು ಹಾಗಾಗಿತ್ತು.

ಸೇತುವೆಯ ಎರಡೂ ಅಂಚಿನಲ್ಲಿ ಗಾಳಿಯನ್ನು ಸೀಳಿ ನಯವಾಗಿ ಮೇಲೆ ಕೆಳಗೆ ಕಳಿಸಲು ತ್ರಿಕೋನಾಕಾರದ ಉಕ್ಕಿನ ಚಾಚು ಇರುತ್ತದೆ. ನಾವು ಅದನ್ನು ಮೂಗು ಅನ್ನುತ್ತಿದ್ದೆವು. ಈ ಕತೆಯೆಲ್ಲ ಆ ಮೂಗಿನದು. ಸೇರಿದ ಎರಡನೆಯ ವಾರ ಮುಂಬಯಿಯ ವಿನ್ಯಾಸ ಕಚೇರಿಯಿಂದ ನಕ್ಷೆ ಫ್ಯಾಕ್ಸಿನಲ್ಲಿ ಬಂತು. ಮೂಗಿನ ಅಳತೆ ಇರಬೇಕಾದ ಕಡೆ ಉದ್ದಕ್ಕೆ ಮಸಿ ಬಳಿದುಕೊಂಡಿತ್ತು. ಅಲ್ಲಿಗೆ ಫೋನ್ ಮಾಡಿ ಕೇಳಿಕೋ ಎಂದರು ಸರ್. ಫೋನ್ ಎತ್ತಿದವರು ನಕ್ಷೆ ಬರೆದ ಡ್ರಾಫ್ಟ್ಸ್‌ಮನ್, ನಿವೃತ್ತಿಗೆ ಹತ್ತಿರವಾದ ಹಿರಿಯರು, ಎಲ್ಲರೂ ಕಾಕಾ ಅನ್ನುತ್ತಿದ್ದರು. ಅವರಿಗೆ ಮರಾಠಿ ಬಿಟ್ಟು ಬೇರೆ ಭಾಷೆಯಲ್ಲಿ ಅಳತೆ ಹೇಳಿ ಅಭ್ಯಾಸವೇ ಇರಲಿಲ್ಲ. ಮೂಗು ಎಷ್ಟು ಎಂದೆ. "ಪಾವಣೇದೋನ ಮೀಟರ್" ಎಂದರು.

ಆಗ ನನ್ನ ಮರಾಠಿಗೆ ಹದಿನೈದು ದಿನದ ವಯಸ್ಸು. ಆದರೆ ನನಗೆ ಲೆಕ್ಕದಲ್ಲಿ ಯಾರಾದರೂ ಏನಾದರೂ ಹೇಳಿಕೊಡುವುದೆಂದರೆ ಆಗದು, ಹುಟ್ಟುಗುಣ. ಸವಾ ಅಂದರೆ ಕಾಲು, ಸವಾ ದೋನ ಅಂದರೆ ಎರಡೂಕಾಲು, ಅದು ಗೊತ್ತಿತ್ತು. ಸಾಡೇ ಅಂದರೆ ಅರ್ಧ, ಸಾಡೇ ತೀನ ಅಂದರೆ ಮೂರೂವರೆ, ಅದೂ ಗೊತ್ತಿತ್ತು. ಪಾಊಣ ಎಂದರೆ ಮುಕ್ಕಾಲು ಎಂದು ಕ್ಯಾಂಟೀನಿನಲ್ಲಿ ಯಾರೋ ಹೇಳಿದ್ದರು, ಪಾವಣೆ ಅದರದೇ ಇನ್ನೊಂದು ರೂಪ. ಸವಾ, ಸಾಡೇ ಎರಡನ್ನೂ ಕೂಡಿಸುವುದಾದರೆ ಪಾವಣೆಯನ್ನೂ ಕೂಡಿಸಬೇಕು ತಾನೆ. ನಮ್ಮಲ್ಲಿ ಎರಡು, ಎರಡೂಕಾಲು, ಎರಡೂವರೆ, ಎರಡೂಮುಕ್ಕಾಲು ಎಂದು ಎಣಿಕೆ ಮುಂದಕ್ಕೇ ಹೋಗುತ್ತದೆ. ಮುಂದಿನ ಸಂಖ್ಯೆ ಹೇಳಿ ಹಿಂದಕ್ಕೆ ಬರುವ ಪದ್ಧತಿ ತುಮಕೂರಿನಲ್ಲಿ ನಾನು ಕೇಳಿರಲಿಲ್ಲ. ಎರಡೂಮುಕ್ಕಾಲು ಎಂದು ಬರೆದುಕೊಂಡೆ. ಥ್ಯಾಂಕ್ಸ್ ಕಾಕಾ ಎಂದು ಫೋನಿಟ್ಟು, ಮರಾಠಿ ಕಲಿತೇಬಿಟ್ಟೆ ಎಂದು ಬೀಗಿದ್ದೂ ನೆನಪಿದೆ.

ವಾರದ ಮೇಲೆ ಅಸಲು ನಕ್ಷೆಯ ಸುರುಳಿ ಕೊರಿಯರಿನಲ್ಲಿ ಬಂತು. ಅಷ್ಟರಲ್ಲಿ ನಾನು ಬಲೆ ಹೆಣೆದು ಮುಗಿಸಿದ್ದೆ. ಸುರುಳಿಯನ್ನು ಬಿಚ್ಚದೆ ಬೀರುವಿನ ಮೇಲೆ ಎಸೆದೆ. ಈ ಒಂದು ವಾಕ್ಯವನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಹದಿಮೂರು ಗುರುವಾರ ಕಳೆದವು. ಪ್ರತಿ ವಾರ ಗಾಳಿಯನ್ನು ಒಂದು ಮೆಟ್ಟಿಲು ಏರಿಸಿದೆ, ಪ್ರತಿ ವಾರ ಸೇತುವೆ ಸ್ವಲ್ಪ ತೂಗಿ ತಣ್ಣಗಾಯಿತು. ಆ ಕರಾವಳಿ ಕಂಡ ಚಂಡಮಾರುತಕ್ಕಿಂತ ಜೋರಿನ ಗಾಳಿಗೂ ಅಲುಗಲಿಲ್ಲ. ಸರ್‌ಗೆ ಭಾರಿ ಖುಷಿ. ಪುಟ್ಟ ಮಾದರಿ ಮಾಡಿ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸುವುದು ಬೇಕಿಲ್ಲ, ಕಂಪ್ಯೂಟರಿನಲ್ಲೇ ತೋರಿಸುತ್ತೇನೆ ಎಂದು ಅವರು ಗಿರಾಕಿಗೆ ಮಾತು ಕೊಟ್ಟಿದ್ದರು. ವರದಿಯಲ್ಲಿ ಎಲ್ಲ ಅಳತೆಗಳನ್ನೂ ಸೇತುವೆಯ ಅಗಲದಿಂದ ಭಾಗಿಸಿ ಬರೆಯುವುದು ನಮ್ಮ ಕಸುಬಿನ ರೂಢಿ. ಹಾಗಾಗಿ ಮೂಗು ಇಷ್ಟು ಮೀಟರು ಎಂದು ಎಲ್ಲೂ ಬರಲೇ ಇಲ್ಲ. ಯಾವುದೋ ದಶಮಾಂಶದೊಳಗೆ ಅಡಗಿ ಕೂತಿತ್ತು. 'ಪರಿಶೀಲಿಸಲಾಗಿದೆ' ಎಂಬ ಜಾಗದಲ್ಲಿ ಸರ್ ಓದದೆ ಸಹಿ ಮಾಡಿದರು. ವರದಿ ಮುಂಬಯಿಗೆ ಹೋಯಿತು.

ನಾನಿದ್ದದ್ದು ಕೋಥರೂಡದಲ್ಲಿ, ಧಾರವಾಡದ ಕಡೆಯ ಒಬ್ಬ ಹಿರಿಯ ಹೆಂಗಸಿನ ಮನೆಯಲ್ಲಿ, ಪೇಯಿಂಗ್ ಗೆಸ್ಟ್ ಆಗಿ. ಗಂಡ ತೀರಿಕೊಂಡ ಮೇಲೆ ಎರಡು ಕೋಣೆಯ ಫ್ಲಾಟಿನಲ್ಲಿ ಒಂದನ್ನು ನನಗೆ ಕೊಟ್ಟಿದ್ದರು. ಮೊದಲ ದಿನ ಆಂಟಿ ಎಂದು ಕರೆದದ್ದಕ್ಕೆ, ಆಂಟಿ ಗೀಂಟಿ ಎಲ್ಲ ನಡೆಯೂದಿಲ್ಲ, ಮೌಶಿ ಅನ್ನು ಎಂದು ತಿದ್ದಿದ್ದರು. ಚಿಕ್ಕಮ್ಮ ಎಂಬುದಕ್ಕೆ ಅಲ್ಲಿನ ಮಾತು ಅದು. ಸಂಜೆ ಎಂಟಕ್ಕೆ ಮನೆಯಲ್ಲಿರಬೇಕು, ಗೆಳತಿಯರು ಬಂದರೆ ಹಾಲ್‌ನಲ್ಲೇ ಕೂರಬೇಕು, ಬಕೆಟ್ಟಿನಲ್ಲಿ ನೀರು ಉಳಿದರೆ ಚೆಲ್ಲಬಾರದು. ನೆಲಮಾಳಿಗೆಯಿಂದ ಬಸ್ಸು, ಬಸ್ಸಿನಿಂದ ಮೌಶಿಯ ಮನೆ, ಮತ್ತೆ ನೆಲಮಾಳಿಗೆ. ಬೆಟ್ಟದ ಮೇಲಿನಿಂದ ಸಂಜೆಗೆ ಬೀಸುವ ಪುಣೆಯ ಗಾಳಿಯನ್ನು ಎಲ್ಲರೂ ಹೊಗಳುತ್ತಿದ್ದರು. ನನಗೆ ಬಸ್ಸಿನ ಕಿಟಕಿಯಲ್ಲಿ ಸಿಕ್ಕಷ್ಟೇ ಅದು.

ಆ ಬೇಸಿಗೆಯಲ್ಲಿ ಸೊಸೈಟಿಗೆ ನೀರು ದಿನಕ್ಕೊಂದು ಸಲ, ಅದೂ ಮಧ್ಯಾಹ್ನ ಬರುತ್ತಿತ್ತು. ಮೌಶಿಯೇ ಮೋಟಾರ್ ಹಾಕಿ ಟಾಕಿ ತುಂಬಿಸಿಕೊಳ್ಳುತ್ತಿದ್ದರು. ಒಂದು ಭಾನುವಾರ ಅವರು ಸಂಬಂಧಿಕರ ಮದುವೆಗೆ ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಪಾವಣೆ ಎರಡಕ್ಕ ನೀರು ಬರ್ತದ ತಂಗಿ, ಅರ್ಧಾ ತಾಸ ಅಷ್ಟ. ಮೋಟಾರ್ ಹಚ್ಚಿ ಟಾಕಿ ತುಂಬಿಸಿ ಇಡು, ಮರೀಬ್ಯಾಡ," ಎಂದರು.

ಮರೆಯಲಿಲ್ಲ. ಎರಡೂ ನಲವತ್ತಕ್ಕೇ ಎದ್ದು ಕೆಳಗೆ ಹೋಗಿ ಮೋಟಾರಿನ ಮುಂದೆ ನಿಂತೆ. ಎರಡೂಮುಕ್ಕಾಲಿಗೆ ಸ್ವಿಚ್ ಒತ್ತಿದೆ. ಗಾಳಿ ಮಾತ್ರ ಬುಸ್ಸೆಂದಿತು, ನೀರಿಲ್ಲ. ಮೂರೂವರೆಯವರೆಗೆ ಒತ್ತುತ್ತ ಆರಿಸುತ್ತ ನಿಂತೆ. ಸಂಜೆ ಮೌಶಿ ರೇಷ್ಮೆ ಸೀರೆಯಲ್ಲಿ ಬೆವರಿಕೊಂಡು ಬಂದು ನಲ್ಲಿ ತಿರುಗಿಸಿದರೆ ಒಂದು ಹನಿ ಇಲ್ಲ. ನಾನು ಹೇಳಿದ ಸಮಯಕ್ಕೆ ಸರಿಯಾಗಿ ಹಾಕಿದ್ದೆ, ನೀರೇ ಬರಲಿಲ್ಲ ಎಂದು ವಾದಿಸಿದೆ. ಎಷ್ಟಕ್ಕೆ ಹಾಕಿದಿ ಎಂದರು. ಎರಡೂಮುಕ್ಕಾಲಿಗೆ ಎಂದೆ.

ಮೌಶಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಪಾವಣೆ ಎರಡು ಅಂದ್ರ ಎರಡಕ್ಕ ಕಾಲು ಕಡಿಮಿ. ಒಂದೂಮುಕ್ಕಾಲು. ಇಷ್ಟೂ ತಿಳಿಯೂದಿಲ್ಲೇನ? ಇಂಜಿನಿಯರ್ ಅಂತ, ಇಂಜಿನಿಯರ್."

ಮೌಶಿ ಇನ್ನೂ ಏನೇನೋ ಅನ್ನುತ್ತಿದ್ದರು, ಪಕ್ಕದ ಮನೆಯಿಂದ ಎರಡು ಕೊಡ ತಂದದ್ದು, ಪಾತ್ರೆ ಹಾಗೇ ಬಿದ್ದದ್ದು, ಯಾವುದೂ ನನ್ನ ಕಿವಿಗೆ ಹೋಗಲಿಲ್ಲ. ಅವರು ನೀರಿನ ಬಗ್ಗೆ ಬೈಯುತ್ತಿದ್ದಾರೆ, ನಾನು ಮಂಚದ ಮೇಲೆ ಕೂತು ಒಂದು ಮೀಟರಿನ ಬಗ್ಗೆ ಯೋಚಿಸುತ್ತಿದ್ದೇನೆ. ಊಟ ಸೇರಲಿಲ್ಲ. ಬೈದದ್ದು ಜಾಸ್ತಿಯಾಯಿತೇನೋ ಎಂದು ಅವರೇ ಬಂದು ಮೊಸರನ್ನ ಇಟ್ಟು ಹೋದರು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಬೀರುವಿನ ಮೇಲಿಂದ ಸುರುಳಿ ಇಳಿಸಿದೆ. ನಕ್ಷೆ ಅಚ್ಚು ಹಾಕಲು ಬಳಸುವ ಅಮೋನಿಯಾದ ವಾಸನೆ ಇನ್ನೂ ಇತ್ತು. ಮೂಗಿನ ಕೆಳಗೆ ಕಾಕಾ ಮುತ್ತಿನಂಥ ಅಂಕಿಗಳಲ್ಲಿ ಮಿಲಿಮೀಟರಿನಲ್ಲಿ ಬರೆದಿದ್ದರು: 1750. ಕಣ್ಣಿದ್ದವರು ಯಾರು ಬೇಕಾದರೂ ಓದಬಹುದಿತ್ತು. ಮೂಗು ಉದ್ದವಿದ್ದಷ್ಟೂ ಗಾಳಿ ನಯವಾಗಿ ಹರಿಯುತ್ತದೆ. ನಾನು ಇಲ್ಲದ ಒಂದು ಮೀಟರನ್ನು ಎರಡೂ ಕಡೆ ಅಂಟಿಸಿ ಸೇತುವೆ ಗಟ್ಟಿ ಎಂದು ಬರೆದುಕೊಟ್ಟಿದ್ದೆ.

ಸರ್ ಬಂದ ಕೂಡಲೇ ಸುರುಳಿ ಹಿಡಿದು ಅವರ ಕೋಣೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ, ಸುರುಳಿ ಬಿಚ್ಚದ್ದನ್ನೂ ಸೇರಿಸಿ. ಮತ್ತೆ ಮೊದಲಿನಿಂದ ಲೆಕ್ಕ ಮಾಡುತ್ತೇನೆ, ಹದಿಮೂರು ವಾರ ಕೊಡಿ ಎಂದೆ. ಅವರು ಎದ್ದು ಬಾಗಿಲು ಮುಚ್ಚಿದರು. ಇನ್ನು ಕನ್ನಡ ಶುರುವಾಗುತ್ತದೆ ಎಂದು ತಿಳಿಯಿತು. ಬೈಗುಳಕ್ಕೆ ಮೈ ಬಿಗಿಹಿಡಿದು ನಿಂತೆ. ಆದರೆ ಅವರು ಬೈಯಲಿಲ್ಲ.

"ರಿಪೋರ್ಟ್ ಹೋಗೇದ," ಎಂದರು ಮೆಲ್ಲಗೆ. "ಅದರ ಮ್ಯಾಲೆ ನನ್ನ ಸಹಿ ಅದ. ನೀ ಏನೂ ತಪ್ಪು ಮಾಡಿಲ್ಲ. ತಿಳೀತಲ್ಲ? ಯಾರ ಮುಂದೂ ಬಾಯಿ ಬಿಡಬ್ಯಾಡ."

ಒಂದು ಮೀಟರಿನಿಂದ ಏನಾಗುತ್ತದೆ, ಫಲಿತಾಂಶದಲ್ಲಿ ಸಾಕಷ್ಟು ಅಂತರ ಇದೆಯಲ್ಲ ಎಂದೂ ಹೇಳಿದರು. ಏನೂ ಆಗದಿರಬಹುದು, ಆದರೆ ನೋಡಬೇಕಲ್ಲ ಸರ್ ಎಂದೆ. ಉಕ್ಕಿನ ಬೀರುವಿನ ಕಡೆ ಒಮ್ಮೆ ನೋಡಿದರು, ಅಷ್ಟೇ. ಅದನ್ನು ಬೇಕೆಂದು ನೋಡಿದರೋ, ನನಗೇ ಹಾಗೆ ಅನ್ನಿಸಿತೋ, ಈಗಲೂ ಹೇಳಲಾರೆ. ಸುರುಳಿ ಸುತ್ತಿಕೊಂಡು ಹೊರಗೆ ಬಂದೆ.

ಅವರು ಹೇಳಿದ್ದನ್ನು ನಂಬಲು ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ನಂಬಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಬಸ್ಸಿನಲ್ಲಿ ಕೂತಾಗ, ಮೌಶಿಯ ಮನೆಯಲ್ಲಿ ಚಪಾತಿ ಲಟ್ಟಿಸುವಾಗ, ಏನೂ ಆಗುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಮರುಗಳಿಗೆಗೆ ಆ ಸೇತುವೆಯ ಮೇಲೆ ಒಂದು ಬಸ್ಸು ಬರುತ್ತಿತ್ತು, ಅದರಲ್ಲಿ ಕಿಟಕಿ ಪಕ್ಕ ಯಾರೋ ಕೂತಿರುತ್ತಿದ್ದರು. ಯಾರಿಗೂ ಹೇಳುವಂತಿಲ್ಲ. ಊರಿಗೆ ಫೋನ್ ಮಾಡಿದರೆ ಚೆನ್ನಾಗಿದ್ದೀನಿ ಎನ್ನುವುದು. ಬಿಟ್ಟು ಹೋಗೋಣವೆಂದರೆ ಕಂದು ಲಕೋಟೆ. ಮಲಗಿದರೂ ಕೂತರೂ ಆ ರಬ್ಬರ್ ಪಟ್ಟಿಯ ಬಾಗಿಲು ನನ್ನ ಸುತ್ತಲೇ ಮುಚ್ಚಿಕೊಂಡಂತೆ ಇರುತ್ತಿತ್ತು.

ಮುಂದಿನ ತಿಂಗಳು ಸರ್ ಹತ್ತು ದಿನ ಪರದೇಶಕ್ಕೆ ಹೋದರು. ಅವರು ಹೋದ ಗುರುವಾರ ಸಂಜೆ ಕರೆಂಟು ಬಂದ ಕೂಡಲೇ, ಯಾರಿಗೂ ಹೇಳದೆ, ಸರಿಯಾದ ಮೂಗಿನ ಲೆಕ್ಕವನ್ನು ಹಚ್ಚಿದೆ. ಹದಿಮೂರು ಗಾಳಿಗೆ ಸಮಯವಿರಲಿಲ್ಲ, ಒಂದನ್ನೇ ಆರಿಸಬೇಕಿತ್ತು. ಆ ಕರಾವಳಿಯಲ್ಲಿ ಸೇತುವೆಯ ಆಯುಸ್ಸಿನಲ್ಲಿ ಒಮ್ಮೆಯಾದರೂ ಬಂದೇ ಬರುವ ಗಾಳಿ ಯಾವುದೋ ಅದನ್ನು ಆರಿಸಿದೆ. ಮಷೀನಿನ ಮೇಲೆ 'ಬಳಸಬೇಡಿ' ಎಂದು ಚೀಟಿ ಅಂಟಿಸಿದೆ.

ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ನೋಡಲು ಹೋದೆ. ಪರದೆಯ ಮೇಲೆ ಚಿತ್ರಗಿತ್ರ ಏನಿಲ್ಲ, ಒಂದು ಉದ್ದನೆಯ ಅಂಕಣ. ಸೇತುವೆ ಎಷ್ಟು ತಿರುಚಿದೆ ಎಂಬುದರ ಅಂಕಿ ಒಂದರ ಕೆಳಗೊಂದು ಬೀಳುತ್ತಿತ್ತು. ಮೊದಲು ನೋಡಿದಾಗ ಅರ್ಧ ಡಿಗ್ರಿ. ಆ ಕಡೆಗೊಮ್ಮೆ, ಈ ಕಡೆಗೊಮ್ಮೆ. ಸ್ವಲ್ಪ ಹೊತ್ತಿನ ಮೇಲೆ ಮುಕ್ಕಾಲು. ಕಡಿಮೆಯಾಗುತ್ತದೆ ಎಂದು ಕಾದೆ. ಒಂದು ಡಿಗ್ರಿ. ಕುರ್ಚಿ ಎಳೆದುಕೊಂಡು ಕೂತೆ. ಒಂದೂಕಾಲು. ಇಳಿ, ಇಳಿ ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಒಂದೂಮುಕ್ಕಾಲು ಬಂತು. ಪಾವಣೆ ಎರಡು ಎಂದುಕೊಂಡೆ, ನಗು ಬರಲಿಲ್ಲ. ಮೂರು ದಾಟಿದ ಮೇಲೆ ನಾನು ಎದ್ದುಬಿಟ್ಟೆ. ಯಾರಿಗಾದರೂ ತೋರಿಸಬೇಕು, ಯಾರಿಗೆ ಎಂದು ಗೊತ್ತಿಲ್ಲ, ಯಾರಿಗಾದರೂ. ಬಾಗಿಲಿಗೆ ಓಡಿ ಎಳೆದೆ. ಹಿಡಿಕೆ ಕೈಗೆ ಬಂತು. ರಟ್ಟು ಸಿಕ್ಕಿಸುವುದನ್ನು ಮರೆತಿದ್ದೆ.

ಬಡಿದೆ. ಏಸಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಕಬ್ಬಿಣದ ಹಿಡಿಕೆ ಕೈಯಲ್ಲಿ ಹಿಡಿದುಕೊಂಡು ಮತ್ತೆ ಬಂದು ಪರದೆಯ ಮುಂದೆ ಕೂತೆ. ಆರು ಡಿಗ್ರಿ. ಒಂಬತ್ತು. ಅಷ್ಟರಲ್ಲಿ ಬಲೆಯ ಚೌಕಗಳು ಒಂದರ ಮೇಲೊಂದು ಮಡಚಿಕೊಂಡು ಲೆಕ್ಕ ತಾನಾಗಿ ನಿಂತುಹೋಯಿತು. ಮಷೀನಿನಲ್ಲಿ ಸೇತುವೆ ಬೀಳುವುದು ಹಾಗೆ. ಸದ್ದಿಲ್ಲ, ಧೂಳಿಲ್ಲ, ಅಂಕಿ ಬೀಳುವುದು ನಿಲ್ಲುತ್ತದೆ. ನಾನು ಮಂಡಿಯಲ್ಲಿ ಮುಖ ಹುದುಗಿಸಿಕೊಂಡು ಕೂತೆ. ಭಯವಾಗಿತ್ತು, ನಾಚಿಕೆಯಾಗಿತ್ತು, ಸರ್ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಸುಮಾರು ಒಂದು ತಾಸಿನ ಮೇಲೆ ಕಸ ಗುಡಿಸುವ ಹೆಂಗಸು ಬಂದು ಬಾಗಿಲು ತೆಗೆದಳು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹಿಡಿಕೆ ತೋರಿಸಿದೆ.

ಆ ಸಂಜೆ ಕೋಥರೂಡದ ಎಸ್‌ಟಿಡಿ ಬೂತಿನಿಂದ ಮುಂಬಯಿಗೆ ಫೋನ್ ಮಾಡಿದೆ. ಕಾಕಾ ಸಿಕ್ಕರು. ನನ್ನ ಹರಕುಮುರುಕು ಮರಾಠಿಯಲ್ಲಿ, ನೀವು ಹೇಳಿದ್ದು ಒಂದು, ನಾನು ಬರೆದದ್ದು ಇನ್ನೊಂದು ಎಂದೆ. ನಾನು ಪಾವಣೇದೋನ ಎಂದೇ ಹೇಳಿದ್ದೆನಲ್ಲ ಎಂದರು. ಹೌದು ಕಾಕಾ, ತಪ್ಪು ನನ್ನದು ಎಂದೆ. ಇದನ್ನು ಫೋನಿನಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ ಮಗಳೇ, ಬರೆದು ಸಹಿ ಹಾಕಿ ಕಳಿಸಿದರೆ ಯಾರೂ ಮುಚ್ಚಿಡಲಾರರು, ಆದರೆ ಕಳಿಸುವ ಮೊದಲು ನಿನ್ನ ಗತಿ ಏನೆಂದು ಯೋಚಿಸು ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ಯೋಚಿಸಿದರೆ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೂತಿನವನ ಹತ್ತಿರವೇ ಒಂದು ಹಾಳೆ ಕೇಳಿ ಪಡೆದು ಬರೆದೆ. ವರದಿಯಲ್ಲಿನ ಮೂಗು 2750, ನಕ್ಷೆಯಲ್ಲಿನ ಮೂಗು 1750, ಅಳತೆಯನ್ನು ತಪ್ಪಾಗಿ ಕೇಳಿಸಿಕೊಂಡವಳು ನಾನು, ಸರಿಯಾದ ಮೂಗಿನಲ್ಲಿ ಸೇತುವೆ ಈ ಗಾಳಿಗೆ ನಿಲ್ಲುವುದಿಲ್ಲ. ಸಹಿ ಹಾಕಿದೆ. ಹಾಳೆ ಫ್ಯಾಕ್ಸ್ ಮಷೀನಿನೊಳಗೆ ನಿಧಾನವಾಗಿ ಹೋಗಿ ಇನ್ನೊಂದು ಕಡೆ ಹೊರಬಂತು. ಎಂಟು ಗಂಟೆಯಾಗಿಬಿಟ್ಟಿತ್ತು, ಮೌಶಿ ಬಾಗಿಲಲ್ಲೇ ನಿಂತಿದ್ದರು.

ಪರದೇಶದಿಂದ ಬಂದ ಸರ್ ಮೂರು ದಿನ ಮುಂಬಯಿಯಲ್ಲೇ ಇದ್ದರು. ನಾಲ್ಕನೆಯ ದಿನ ನನ್ನನ್ನು ಕರೆದರು, ಬಾಗಿಲು ಮುಚ್ಚಿದರು. ಕೆಲಸದಿಂದ ತೆಗೆಯುತ್ತಾರೆ, ಲಕೋಟೆ ಹರಿದು ಹಾಕುತ್ತಾರೆ, ಏನು ಬೇಕಾದರೂ ಆಗಲಿ ಎಂದು ನಾನು ಸಿದ್ಧಳಾಗಿ ಹೋಗಿದ್ದೆ. ಮೇಜಿನ ಮೇಲೆ ಒಂದು ಹೊಸ ನಕ್ಷೆ ಬಿಚ್ಚಿಟ್ಟಿದ್ದರು. ಕಾಕಾ ಅವರದೇ ಅಂಕಿ. ಮೂಗಿನ ಕೆಳಗೆ 2750 ಎಂದಿತ್ತು. ಬರೆದಿಟ್ಟ ಮೂಗಿಗೆ ಲೆಕ್ಕ ಮತ್ತೆ ಮಾಡುವುದರ ಬದಲು, ಲೆಕ್ಕ ಮಾಡಿದ ಮೂಗನ್ನೇ ಸೇತುವೆಗೆ ಇಡುವುದೆಂದು ಮುಂಬಯಿಯಲ್ಲಿ ತೀರ್ಮಾನವಾಗಿತ್ತು.

"ಈಗ ನಕ್ಷಾನೂ ಎರಡೂಮುಕ್ಕಾಲು, ರಿಪೋರ್ಟೂ ಎರಡೂಮುಕ್ಕಾಲು," ಎಂದರು ಸರ್. "ನಾ ಹೇಳಿದ್ದೆ ಅಲ್ಲ, ನೀ ಏನೂ ತಪ್ಪು ಮಾಡಿಲ್ಲ ಅಂತ."

ಮುಂಬಯಿಯಿಂದ ತಂದಿದ್ದ ನನ್ನ ಫ್ಯಾಕ್ಸನ್ನು ಡ್ರಾಯರಿನಿಂದ ತೆಗೆದು ನನ್ನ ಕಣ್ಣೆದುರೇ ನಾಲ್ಕು ತುಂಡು ಮಾಡಿದರು. ಆಮೇಲೆ, ಬಾಂಡ್ ಮುಗಿಯುವವರೆಗೆ ಇಲ್ಲೇ ಇರು, ಮಷೀನ್ ರೂಮಿನಲ್ಲಿ ಬ್ಯಾಕಪ್ ಟೇಪ್ ಬದಲಿಸಿಕೊಂಡು ಎಂದರು. ಇನ್ನೂ ಹದಿನಾರು ತಿಂಗಳಿತ್ತು. ಬೆಳಿಗ್ಗೆ ಒಂದು ಟೇಪ್, ಸಂಜೆ ಒಂದು ಟೇಪ್. ನಡುವೆ ಏನೂ ಇಲ್ಲ. ಯಾವ ಲೆಕ್ಕವೂ ನನ್ನ ಕೈಗೆ ಬರಲಿಲ್ಲ, ಯಾವ ಸಭೆಗೂ ಕರೆಯಲಿಲ್ಲ. ಸಹೋದ್ಯೋಗಿಗಳಿಗೆ ಏನು ಹೇಳಿದ್ದರೋ, ಚಹಾಕ್ಕೂ ಯಾರೂ ಕರೆಯುತ್ತಿರಲಿಲ್ಲ. ಸ್ವೆಟರ್ ಹಾಕಿಕೊಂಡು ಗೋಡೆ ನೋಡುತ್ತ ಕೂತ ಆ ಹದಿನಾರು ತಿಂಗಳನ್ನು ನಾನು ಯಾರಿಗೂ ಬಯಸಲಾರೆ. ಅವರು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಪ್ಪು ಎಂದಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ನೀನು ತಪ್ಪೇ ಮಾಡಿಲ್ಲ ಎಂದವರ ಹತ್ತಿರ ಏನನ್ನು ಕೇಳುವುದು?

ಬಾಂಡ್ ಮುಗಿದ ದಿನ ಲಕೋಟೆ ಕೈಗಿಟ್ಟರು. ಎಣಿಸಿಕೋ ಎಂದರು, ಎಣಿಸಿದೆ, ಎಲ್ಲ ಇದ್ದವು. ಬೇರೆ ಕಂಪನಿ ಸೇರಿದೆ, ಅಲ್ಲಿ ಕಾರಿನ ಎಂಜಿನ್ನುಗಳ ಕೆಲಸ. ಗಾಳಿಯ ಸಹವಾಸಕ್ಕೆ ಮತ್ತೆ ಹೋಗಲಿಲ್ಲ. ಕೋಥರೂಡದಲ್ಲೇ ಎರಡು ಗಲ್ಲಿ ಆಚೆ ನನ್ನದೇ ಮನೆ ಮಾಡಿದೆ. ಯಾರಾದರೂ ಅಳತೆ ಹೇಳಿದರೆ ಬರೆದು ತೋರಿಸಿ ಎನ್ನುತ್ತಿದ್ದೆ. ತರಕಾರಿಯವನ ಹತ್ತಿರವೂ ಅನ್ನುತ್ತಿದ್ದೆ. ಹೊಸ ಕಚೇರಿಯಲ್ಲಿ ನನಗೆ ದೊಡ್ಡ ಕಿಟಕಿಯ ಪಕ್ಕ ಜಾಗ ಕೊಟ್ಟಿದ್ದರು. ವರ್ಷಗಟ್ಟಲೆ ಅದನ್ನು ತೆರೆಯುವುದು ನನಗೆ ತೋಚಲೇ ಇಲ್ಲ.

ಮೌಶಿಯ ಮಂಡಿನೋವು ಹೆಚ್ಚಾದ ವರ್ಷ, ಕೊಂಕಣದ ಒಂದು ದೇವಸ್ಥಾನ ನೋಡಿಬಿಡಬೇಕೆಂದು ಅವರು ಹಟ ಹಿಡಿದರು. ಎರಡು ಸಾವಿರದ ದಶಕದ ನಡುವಿನ ಮಾತು. ಟ್ಯಾಕ್ಸಿ ಮಾಡಿಕೊಂಡು ಹೊರಟೆವು. ದಾರಿ ಯಾವುದೆಂದು ನಾನು ಕೇಳಿರಲಿಲ್ಲ. ಒಂದು ತಿರುವು ದಾಟಿದ ಕೂಡಲೇ ಎದುರಿಗೆ ಅದೇ ಸೇತುವೆ. ಅದನ್ನು ನಾನು ಅಡ್ಡಕ್ಕೆ ಕೊಯ್ದು ಸಾವಿರ ಸಲ ನೋಡಿದ್ದೆ, ಇಡಿಯಾಗಿ ನೋಡಿದ್ದು ಅದೇ ಮೊದಲು. ಗಾಡಿ ನಿಲ್ಲಿಸಿ ಎಂದೆ. ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲ ಎಂದು ಡ್ರೈವರ್ ಆರಂಭದಲ್ಲೇ ನಿಲ್ಲಿಸಿದ. ಇಳಿದು ಕಾಲುದಾರಿಯಲ್ಲಿ ಹತ್ತು ಹೆಜ್ಜೆ ನಡೆದೆ. ಹಿಂದೆಯೇ ಮೌಶಿ ಸೆರಗು ಬಿಗಿಹಿಡಿದುಕೊಂಡು ಕುಂಟುತ್ತ ಬಂದರು.

ಸಮುದ್ರದ ಕಡೆಯಿಂದ ಜೋರು ಗಾಳಿ. ಕಂಬಿ ಹಿಡಿದು ಬಗ್ಗಿ ನೋಡಿದೆ. ಬೂದು ಬಣ್ಣ ಬಳಿದ ಮೂಗು ನೀರಿನ ಮೇಲೆ ಚಾಚಿಕೊಂಡಿತ್ತು. ಎಲ್ಲಿಗೆ ನಿಲ್ಲಬೇಕಿತ್ತು, ಎಲ್ಲಿಯವರೆಗೆ ಹೋಗಿದೆ ಎಂದು ಕಣ್ಣಲ್ಲೇ ಅಳೆದೆ. ಲಾರಿಗಳು ಹೋಗುತ್ತಿದ್ದವು, ಒಂದು ಕೆಂಪು ಎಸ್‌ಟಿ ಬಸ್ಸು ಹೋಯಿತು, ಕಿಟಕಿ ಪಕ್ಕ ಯಾರೋ ನಿದ್ದೆ ಹೋಗಿದ್ದರು. ಸೇತುವೆ ಅಲುಗಲಿಲ್ಲ.

ಗಾಳಿಯಲ್ಲಿ ಕೂಗಿ ಕೂಗಿ ಮೌಶಿಗೆ ಎಲ್ಲ ಹೇಳಿದೆ. ಫ್ಯಾಕ್ಸು, ಸುರುಳಿ, ನೀರು ಬಾರದ ಭಾನುವಾರ, ಕಿತ್ತುಬಂದ ಹಿಡಿಕೆ, ಹದಿನಾರು ತಿಂಗಳು. ಅಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಸೇತುವೆ ನಿಂತಿದೆ ಮೌಶಿ, ಅದು ಸರಿ, ಆದರೆ ಎಲ್ಲೂ ನನ್ನ ತಪ್ಪೇ ಇಲ್ಲದ ಹಾಗೆ ಮಾಡಿಬಿಟ್ಟರು, ಇಲ್ಲದ ತಪ್ಪನ್ನು ಯಾರು ಮನ್ನಿಸುತ್ತಾರೆ, ನಾನು ಇನ್ನೂ ಆ ಕೋಣೆಯಲ್ಲೇ ಇದ್ದೀನಿ ಎಂದೆ. ಮೌಶಿ ಬಗ್ಗಿ ಮೂಗನ್ನು ನೋಡಿದರು. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಭುಜದ ಮೇಲೆ ಕೈಯಿಟ್ಟರು.

"ಆವತ್ತ ಟಾಕಿ ಖಾಲಿ ಬಿಟ್ಟಿದ್ದಿ ನೋಡು," ಎಂದರು. "ಅದು ನಿಂದ ತಪ್ಪು. ನಾ ಅದನ್ನ ಎಂದೋ ಮಾಫ್ ಮಾಡೀನಿ ತಂಗಿ."

ಕಂಬಿ ಹಿಡಿದುಕೊಂಡು ನಾನು ಅತ್ತುಬಿಟ್ಟೆ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಇರು, ಬರ್ತೀವಿ ಎಂದು ಮೌಶಿ ಅವನಿಗೆ ಕೈ ತೋರಿಸಿ, ನಾನು ಮುಗಿಸುವವರೆಗೆ ಗಾಳಿಯಲ್ಲೇ ನಿಂತಿದ್ದರು.